ಎಬ್ಬಿಸದೆ ಬಿಟ್ಟವನು

"ಏನಮ್ಮಾ, ಹೆಗಲನ್ನೇನು ಬಾಡಿಗೆಗೆ ಬಿಟ್ಟಿದ್ದೀನಾ? ಏಳಿ ಮೇಲೆ!"

ಅವಳು ಬೆಚ್ಚಿಬಿದ್ದು ಕಣ್ಣು ಬಿಟ್ಟಳು. ಬೆಳಗಿನ ರೈಲಿನ ಬೋಗಿಯಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಅವಳ ಕೆನ್ನೆ ಗುರುತು ಪರಿಚಯವಿಲ್ಲದ ಒಬ್ಬನ ಹೆಗಲ ಮೇಲಿತ್ತು. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಅವನ ನೀಲಿ ಯೂನಿಫಾರ್ಮಿನ ಮೇಲೆ ಅಂಗೈಯಗಲದ ಜೊಲ್ಲಿನ ಕಲೆ!

"ಅಯ್ಯೋ... ಸಾರಿ. ಗೊತ್ತೇ ಆಗಲಿಲ್ಲ..."

"ಹೇಗೆ ಗೊತ್ತಾಗುತ್ತೆ? ಆ ಗೊರಕೆಗೆ ರೈಲಿನ ಸದ್ದೇ ನಮಗೆ ಕೇಳಿಸ್ತಿರಲಿಲ್ಲ."

ಬೋಗಿ ತುಂಬಾ ನಗು. ಹೊಸ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಇಂಥ ಮರ್ಯಾದೆ! ಅವಳಿಗೆ ಎಲ್ಲಾದರೂ ಹೋಗಿ ಮುಖ ಮುಚ್ಚಿಕೊಳ್ಳೋಣ ಅನಿಸಿತು.

'ಎಂಥ ಒರಟ ಇವನು... ಮೆಲ್ಲಗೆ ಎಬ್ಬಿಸೋಕೆ ಏನಾಗಿತ್ತು?'

"ಎಲ್ಲಿ ಇಳೀಬೇಕು?" ಅವನು ಕರ್ಚೀಫಿನಲ್ಲಿ ಹೆಗಲು ಒರೆಸಿಕೊಳ್ಳುತ್ತಾ ಕೇಳಿದ.

"ದೊಡ್ಡಾಸ್ಪತ್ರೆ ಸ್ಟೇಷನ್."

"ಅದಕ್ಕಿನ್ನೂ ತುಂಬಾ ಹೊತ್ತಿದೆ. ಮಲಗಿ. ನಾನು ಎಬ್ಬಿಸ್ತೀನಿ."

ಈಗ ತಾನೇ ಬೈದು ಎಬ್ಬಿಸಿದವನು ಮತ್ತೆ ಮಲಗು ಅನ್ನುತ್ತಿದ್ದಾನೆ! ಅವಳು ಬಾಯಿ ಬಿಟ್ಟು ನೋಡುತ್ತಿದ್ದಾಗ ಎದುರು ಸೀಟಿನ ಟೈಲರಮ್ಮ ನಗುತ್ತಾ ಬಿಡಿಸಿ ಹೇಳಿದರು.

"ಹೊಸಬಳಲ್ವಾ, ಗೊತ್ತಿಲ್ಲ ಪಾಪ. ನಮ್ಮ ಬೋಗೀಲಿ ಒಂದು ಪದ್ಧತಿ ಇದೆ ಮಗಳೇ. ಇಳಿಯೋ ಸ್ಟೇಷನ್ ಪಕ್ಕದವರಿಗೆ ಹೇಳಿಬಿಟ್ಟು ಮಲಗಬೇಕು. ಆಮೇಲೆ ಎಬ್ಬಿಸೋದು ಅವರ ಜವಾಬ್ದಾರಿ. ಅತ್ತೆ ಸೊಸೆ ಆಗಿರಲಿ, ಮಾತು ಬಿಟ್ಟವರಾಗಿರಲಿ... ಎಬ್ಬಿಸಲೇಬೇಕು."

ಆ ಬೋಗಿಯಲ್ಲಿ ಯಾರೂ ಮೊಬೈಲಿನಲ್ಲಿ ಅಲಾರಂ ಇಡುತ್ತಿರಲಿಲ್ಲ. ಇಟ್ಟರೆ ಪಕ್ಕದವರನ್ನು ನಂಬಲಿಲ್ಲ ಎಂದೇ ಅರ್ಥ. ದಿನಾ ಬೆಳಕು ಹರಿಯುವ ಮುಂಚೆ ಮನೆ ಬಿಡುವ ಜನಕ್ಕೆ ಆ ನಿದ್ದೆ ಎಷ್ಟು ದೊಡ್ಡದೆಂದು ಮನೆಯಲ್ಲಿ ಮಲಗಿರುವವರಿಗೆ ತಿಳಿಯುವುದಿಲ್ಲ ಬಿಡಿ.

ಅವಳು ಕಣ್ಣು ಮಾಡುವವಳು. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರಿಗೆ, ಉಳಿದ ಕಣ್ಣಿಗೆ ಹೊಂದುವಂತೆ ಇನ್ನೊಂದನ್ನು ಮಾಡಿ ಕೊಡುವ ಕೆಲಸ. ದೃಷ್ಟಿ ಬರುವುದಿಲ್ಲ, ನೋಟಕ್ಕೆ ಮಾತ್ರ. ದೊಡ್ಡಾಸ್ಪತ್ರೆಯ ಹಿಂದಿನ ಓಣಿಯಲ್ಲಿದ್ದ ಆ ಚಿಕ್ಕ ಕಾರ್ಖಾನೆ ಬಿಟ್ಟರೆ ಸುತ್ತಮುತ್ತ ಎಲ್ಲೂ ಆ ಕೆಲಸ ಇರಲಿಲ್ಲ. ಬಿಳಿ ಗುಡ್ಡೆಯ ಮೇಲೆ ಕೆಂಪು ರೇಷ್ಮೆಯ ಎಳೆ ಬಿಡಿಸಿ ರಕ್ತನಾಳದಂತೆ ಕೂರಿಸಬೇಕು. ಆಮೇಲೆ ಕಣ್ಣು ಬೇಕಾದವರನ್ನು ಕಿಟಕಿಯ ಪಕ್ಕ ಎದುರಿಗೆ ಕೂರಿಸಿಕೊಂಡು, ಬೆಳಗಿನ ಬೆಳಕಿನಲ್ಲೇ ಬಣ್ಣ ಹಚ್ಚಿ ಮುಗಿಸಬೇಕು. ಮಧ್ಯಾಹ್ನದ ಬೆಳಕು ಬಣ್ಣದಿಂದ ಸುಳ್ಳು ಹೇಳಿಸುತ್ತದೆ ಎಂದು ಕೆಲಸ ಕಲಿಸುವ ಮೇಷ್ಟ್ರು ಯಾವಾಗಲೂ ಹೇಳುತ್ತಿದ್ದರು. ಅವರ ಕೈ ನಡುಗಲು ಶುರುವಾಗಿತ್ತು. ಅದಕ್ಕೇ ಅವಳನ್ನು ತಯಾರು ಮಾಡುತ್ತಿದ್ದರು.

ಹೋಗುವುದಕ್ಕೆ ಎರಡು ಗಂಟೆಗೂ ಮೀರಿದ ದಾರಿ. ಬರುವುದಕ್ಕೂ ಅಷ್ಟೇ.

"ನಮ್ಮನೆ ಏನು ಲಾಡ್ಜಾ? ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರೋಕೆ!" ಅತ್ತಿಗೆ ದಿನಾ ಕೇಳುತ್ತಿದ್ದಳು. ಅತ್ತಿಗೆಯ ಬಾಯಿಗೆ ರಜೆ ಎಂಬುದೇ ಇರಲಿಲ್ಲ.

ಅಣ್ಣ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಅಮ್ಮ ಮಗನ ಮನೆಯಲ್ಲಿ ಇರುವವಳು. ಸೊಸೆ ಮಾತಾಡುವಾಗ ಅವಳ ಕಿವಿ ಮಂದವಾಗುತ್ತಿತ್ತು.

ಆದರೂ ಬೆಳಗಿನ ರೈಲು ಹತ್ತಿದೊಡನೆ ಅವಳ ಜೀವಕ್ಕೆ ಹಾಯೆನಿಸುತ್ತಿತ್ತು. ಅಲ್ಲಿ ಅವನಿರುತ್ತಿದ್ದ. ಎತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಬೋಗಿಯವರೆಲ್ಲ ಅವನನ್ನು 'ಲಿಫ್ಟ್' ಎಂದೇ ಕರೆಯುತ್ತಿದ್ದರು, ಅವಳನ್ನು 'ನಿದ್ದೆರಾಣಿ' ಎಂದು. ಅವನು ಅವಳಿಗೆ ಕಿಟಕಿ ಪಕ್ಕದ ಜಾಗ ಹಿಡಿಯುತ್ತಿದ್ದ. ಬರಬರುತ್ತಾ ಯೂನಿಫಾರ್ಮಿನ ಹೆಗಲ ಮೇಲೆ ಒಗೆದ ಕರ್ಚೀಫ್ ಹಾಸಿಕೊಂಡು ಕೂರತೊಡಗಿದ.

"ಇದೇನಿದು?"

"ಜೊಲ್ಲಿನಿಂದ ರಕ್ಷಣೆ."

"ಥೂ... ನೀವು ಒಬ್ಬರು!"

ನಿಲ್ದಾಣ ಹತ್ತಿರವಾದಾಗ ಅವನು ಅವಳ ಮಣಿಕಟ್ಟನ್ನು ಒಂದು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದ. ಅವಳಿಗೆ ಅದಕ್ಕೆ ಮುಂಚೆಯೇ ಎಚ್ಚರವಾಗಿರುತ್ತಿತ್ತು. ಆದರೂ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು... ಆ ಬೆರಳಿಗಾಗಿ ಕಾಯುತ್ತಾ.

ಪ್ರೀತಿ ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅವನ 'ನೀವು' ಮಾತ್ರ 'ನೀನು' ಆಗಿತ್ತು. ಅವಳು ನೀವು ಅನ್ನುವುದನ್ನು ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಅತ್ತಿಗೆ ಒಂದು ಕೆಲಸ ಹುಡುಕಿಕೊಂಡು ಬಂದಳು. ಮನೆಯ ಹಿಂದಿನ ರಸ್ತೆಯಲ್ಲಿ ಕನ್ನಡಕದ ಅಂಗಡಿ. ನಡೆದರೆ ಐದು ನಿಮಿಷ.

"ಅದೂ ಕಣ್ಣಿನ ಕೆಲಸವೇ ತಾನೇ? ಮಕ್ಕಳನ್ನ ಸ್ಕೂಲಿಂದ ಕರ್ಕೊಂಡು ಬರೋದೂ ಆಗುತ್ತೆ. ಆ ರೈಲಲ್ಲಿ ಅದೇನು ಇಟ್ಟಿದೆಯೋ ಇವಳಿಗೆ! ಅಥವಾ... ಯಾರಾದ್ರೂ ಇಟ್ಟಿದ್ದಾರೋ!"

ಅಮ್ಮ ಮೊದಲ ಬಾರಿ ಬಾಯಿ ಬಿಟ್ಟಳು. "ಅವಳು ಹೇಳೋದ್ರಲ್ಲಿ ತಪ್ಪೇನಿದೆ? ನಿನ್ನ ಮುಖ ನೋಡ್ಕೋ ಕನ್ನಡೀಲಿ. ಹೆಣದ ಕಳೆ ಬಂದಿದೆ."

ಅವಳು ನಿಜಕ್ಕೂ ಯೋಚಿಸಿದಳು. ನಿದ್ದೆಯಿಲ್ಲ, ಹೊತ್ತಿಗೆ ಊಟವಿಲ್ಲ, ಭಾನುವಾರ ಇಡೀ ತಲೆನೋವು. ಕೈಗೆ ಹತ್ತಿದ ವಿದ್ಯೆಗಾಗಿ ಇಷ್ಟು ದೂರ ಸಾಯಬೇಕೇ? ಅವನು ಒಂದು ಮಾತು... 'ಬಿಡಬೇಡ' ಎಂಬ ಒಂದೇ ಮಾತು ಹೇಳಿದರೆ ಸಾಕಿತ್ತು. ಸಾಯಲಿಕ್ಕೂ ಸೈ ಎನ್ನುವಂತಿದ್ದಳು.

ಮರುದಿನ ರೈಲಿನಲ್ಲಿ ಕೇಳಿಯೇಬಿಟ್ಟಳು. "ಮನೆ ಹತ್ತಿರಾನೇ ಕೆಲಸ ಸಿಕ್ಕಿದೆ. ಇದನ್ನ ಬಿಟ್ಟುಬಿಡಲಾ?"

ಅವನು ಅವಳ ಮುಖವನ್ನು ಒಂದು ಕ್ಷಣ ನೋಡಿದ. ಆಮೇಲೆ ಕಿಟಕಿಯ ಹೊರಗೆ.

"ಬಿಡು. ಮನೆ ಹತ್ತಿರ ಸಿಕ್ಕಾಗ ಯಾರಾದ್ರೂ ಇಷ್ಟು ದೂರ ಬರ್ತಾರಾ? ತಲೆ ಸರಿಯಿದ್ದವರು ಯಾರೂ ಬರಲ್ಲ."

ಇಷ್ಟು ಸಲೀಸಾಗಿ! ಒಂದು ಉಸಿರೂ ಹೆಚ್ಚಿಗೆ ತೆಗೆದುಕೊಳ್ಳದೆ!

"ಅಂದ್ರೆ... ನಾನು ನಾಳೆಯಿಂದ ಬರದಿದ್ರೂ ನಿಮಗೆ ಏನೂ ಅನಿಸಲ್ವಾ?"

"ಅನಿಸೋದೇನು? ಆ ಸೀಟಲ್ಲಿ ಇನ್ಯಾರೋ ಕೂರ್ತಾರೆ."

ಅವನು ತಮಾಷೆಗೆ ಹೇಳಿದನೋ, ಬೇರೇನೋ ಮುಚ್ಚಿಡಲು ಹೇಳಿದನೋ, ಅದನ್ನು ಯೋಚಿಸುವಷ್ಟು ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ. ನೊಂದವಳ ನಾಲಿಗೆಗೆ ಎಲ್ಲಿ ಚುಚ್ಚಬೇಕೆಂದು ಚೆನ್ನಾಗಿ ಗೊತ್ತಿತ್ತು.

"ಒಳ್ಳೇದೇ ಆಯ್ತು. ನೀವೆಲ್ಲಿ ಏನೇನೋ ಅಂದ್ಕೊಂಡಿದ್ದೀರೋ ಅಂತ ನನಗೂ ಸಂಕಟ ಆಗ್ತಿತ್ತು. ನನಗೆ ನೀವು ಒಂದು ತಲೆದಿಂಬು ಅಷ್ಟೇ. ಲಿಫ್ಟ್ ರಿಪೇರಿಯವನ ಜೊತೆ ಇನ್ನೇನಿರುತ್ತೆ?"

ಸುತ್ತಲಿನವರಿಗೆಲ್ಲ ಕೇಳಿಸಿತು. ಯಾರೋ ಕಿಸಕ್ಕೆಂದರು. ಅವನ ಮುಖ ಕೆಂಪೇರಿತು. ಹೆಗಲ ಮೇಲಿನ ಕರ್ಚೀಫ್ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡ.

ಆ ರಾತ್ರಿಯೆಲ್ಲ ಅತ್ತಳು. ಬೆಳಿಗ್ಗೆ ಹೋಗಲೇಬೇಕಿತ್ತು. ದೊಡ್ಡ ಹೋಟೆಲೊಂದರ ರಿಸೆಪ್ಷನ್ ಹುಡುಗಿಯ ಕಣ್ಣಿಗೆ ಬಣ್ಣ ಹಚ್ಚುವ ದಿನ. ಆ ಹುಡುಗಿ ಮರುದಿನವೇ ಕೆಲಸಕ್ಕೆ ಹಾಜರಾಗಬೇಕಿತ್ತು. ತಡವಾದರೆ ಆ ಜಾಗ ಬೇರೆಯವರ ಪಾಲು.

ರೈಲಿನಲ್ಲಿ ಖಾಲಿ ಇದ್ದದ್ದು ಅವನ ಪಕ್ಕದ ಜಾಗವೇ. ಮಾತಿಲ್ಲದೆ ಕೂತಳು. ಕಿಟಕಿಗೆ ತಲೆ ಆನಿಸಿ ಆಚೆಗೆ ಮುಖ ತಿರುಗಿಸಿದಳು. ಅಲಾರಂ ಇಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಎಷ್ಟು ಸಿಟ್ಟಿದ್ದರೂ ಅವನು ಎಬ್ಬಿಸುತ್ತಾನೆ... ಅದರಲ್ಲಿ ಅನುಮಾನ ಪಡುವಂಥದ್ದೇನಿತ್ತು?

"ಏಯ್! ಏಳಮ್ಮಾ, ಕಸ ಗುಡಿಸಬೇಕು!"

ಎಚ್ಚರವಾದಾಗ ಬೋಗಿ ಖಾಲಿ. ಕಾಲ ಬಳಿ ಪೊರಕೆ. ಹೊರಗೆ ಅವಳು ಎಂದೂ ನೋಡಿರದ ಕೊನೆಯ ನಿಲ್ದಾಣ. ಬಿಸಿಲು ಕಣ್ಣಿಗೆ ರಾಚುತ್ತಿತ್ತು.

"ಅಯ್ಯೋ ದೇವರೇ... ಆ ಹುಡುಗಿ!"

ಮೇಷ್ಟ್ರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಹಿಂದಿರುಗುವ ರೈಲು ಹಿಡಿದು, ಓಣಿಯಲ್ಲಿ ಓಡಿ, ಏದುಸಿರು ಬಿಡುತ್ತಾ ಒಳಗೆ ಹೋದಾಗ ಕಿಟಕಿಯ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಮೇಷ್ಟ್ರು ನಡುಗುವ ಕೈಗಳನ್ನು ತೊಡೆಯ ಸಂದಿಯಲ್ಲಿ ಸಿಕ್ಕಿಸಿಕೊಂಡು ಕೂತಿದ್ದರು.

"ಕಾದಳು. ಬೆಳಕು ಹೋಗ್ತಾ ಬಂತು. ನಾನೇ ಹಚ್ಚಿ ಕಳಿಸಿದೆ," ಎಂದರು. "ಒಂದು ಕಣ್ಣು ಜೇನಿನ ಬಣ್ಣ, ಇನ್ನೊಂದು ಮಸಿ. ಅವಳು ಕನ್ನಡಿ ನೋಡಿದಳು. ಥ್ಯಾಂಕ್ಸ್ ಹೇಳಿ ಹೋದಳು."

"ಸರ್, ರೈಲಲ್ಲಿ ನಿದ್ದೆ..."

"ನಿದ್ದೆ! ಈ ಕೈ ಇಟ್ಕೊಂಡು ನಾನು ಇನ್ನೊಬ್ಬರ ಮುಖ ಹಾಳು ಮಾಡಬಾರದು ಅಂತ ನಿನ್ನನ್ನ ತಯಾರು ಮಾಡಿದೆ. ನೀನು ನನ್ನ ಕೈಯಿಂದಲೇ ಅದನ್ನ ಮಾಡಿಸಿದೆ. ಮನೆಗೆ ಹೋಗಿ ಕಣ್ಣು ತುಂಬಾ ನಿದ್ದೆ ಮಾಡಮ್ಮ. ನಾಳೆಯಿಂದ ಬರಬೇಡ."

ಅವಳು ಕನ್ನಡಕದ ಅಂಗಡಿ ಸೇರಿದಳು. ಫ್ರೇಮುಗಳನ್ನು ಒರೆಸಿ ಸಾಲಾಗಿ ಜೋಡಿಸುವುದು, ಸಂಜೆ ಮತ್ತೆ ತೆಗೆದಿಡುವುದು. ಇನ್ನು ಮುಂದೆ ನಿದ್ದೆಗೆ ಬರವಿಲ್ಲ ಎಂದುಕೊಂಡಿದ್ದಳು ಪಾಪದವಳು!

"ಹತ್ತಿರಾನೇ ಇದ್ದೀಯಲ್ಲಾ, ಸ್ವಲ್ಪ ಬಂದು ಕುಕ್ಕರ್ ಇಳಿಸಿ ಹೋಗು."

"ಹತ್ತಿರಾನೇ ಇದ್ದೀಯಲ್ಲಾ, ಅಮ್ಮನ ಮಾತ್ರೆ ತಂದುಕೊಡು."

"ಹತ್ತಿರಾನೇ ಇದ್ದೀಯಲ್ಲಾ, ಮಗು ಸ್ಕೂಲಲ್ಲಿ ವಾಂತಿ ಮಾಡ್ಕೊಂಡಿದೆಯಂತೆ."

ಅಂಗಡಿಯವನೂ ಬಿಡಲಿಲ್ಲ. ಹತ್ತಿರದಲ್ಲೇ ಮನೆಯಿರುವವಳು ಭಾನುವಾರ ಬಂದರೆ ತಪ್ಪೇನು? ಅವಳಿಗೆ ಆಗ ಅರ್ಥವಾಯಿತು. ಆ ದೂರದ ದಾರಿ ಅವಳನ್ನು ತಿಂದಿರಲಿಲ್ಲ, ಕಾಪಾಡಿತ್ತು. ಹೋಗಿ ಬರುವ ಆ ಹೊತ್ತಿನಲ್ಲಿ ಯಾರ ಕೈಗೂ ಅವಳು ಸಿಗುತ್ತಿರಲಿಲ್ಲ. ಈಗ ಅವಳದ್ದು ಎನ್ನುವ ಒಂದು ನಿಮಿಷವೂ ಇರಲಿಲ್ಲ. ಅವನ ಮೇಲೆ ಮುನಿಸಿದ್ದರೂ ತಪ್ಪು ತನ್ನದೇ ಎಂದುಕೊಂಡಿದ್ದಳು. 'ಆಚೆಗೆ ಮುಖ ತಿರುಗಿಸಿದ್ದೆನಲ್ಲ... ಎಚ್ಚರವಾಗಿದ್ದಾಳೆ ಅಂದುಕೊಂಡಿರಬೇಕು.'

ಒಂದು ದಿನ ಟೈಲರಮ್ಮ ಹೊಸ ಕನ್ನಡಕಕ್ಕೆಂದು ಅದೇ ಅಂಗಡಿಗೆ ಬಂದರು.

"ನಿದ್ದೆರಾಣಿ! ಎಲ್ಲಿ ಮಾಯ ಆದೆ? ಆವತ್ತು ಊರಾಚೆ ನಿನ್ನ ಕೆಲಸ ಏನಾಯ್ತು?"

"ಯಾವ ಕೆಲಸ?"

"ಅದೇ, ಕೊನೇ ಸ್ಟೇಷನ್ನಿಗೆ ಹೋಗಿದ್ದೆಯಲ್ಲಾ! ನಿನ್ನ ಸ್ಟೇಷನ್ ಬಂತು, ನಾನು ಎಬ್ಬಿಸೋಕೆ ಕೈ ಚಾಚಿದೆ. ಲಿಫ್ಟ್ ನನ್ನ ಕೈ ಹಿಡಿದುಬಿಟ್ಟ. ಇವತ್ತು ಅವಳಿಗೆ ರಜೆ, ಮುಂದೆ ಹೋಗಬೇಕು, ಎಬ್ಬಿಸಬೇಡಿ ಅಂದ. ನೀವಿಬ್ಬರೂ ಮಾತಾಡ್ಕೊಂಡಿದ್ದೀರ ಅಂದ್ಕೊಂಡೆ..."

ಅವಳ ಕೈಯಲ್ಲಿದ್ದ ಫ್ರೇಮ್ ಲಟಕ್ಕೆಂದು ಮುರಿಯಿತು.

ಸಂಜೆ ರೈಲು ಬರುವ ಹೊತ್ತಿಗೆ ಅವಳು ನಿಲ್ದಾಣದ ಮೆಟ್ಟಿಲ ಬಳಿ ನಿಂತಿದ್ದಳು. ಜನರ ನಡುವೆ ಅವನು ಇಳಿದು ಬಂದ. ಸೊರಗಿದ್ದ. ಅವಳನ್ನು ನೋಡಿ ನಿಂತಲ್ಲೇ ನಿಂತ.

"ಬೇಕಂತಲೇ ಮಾಡಿದೆಯಾ?"

ಅವಳ ಬಾಯಲ್ಲಿ ಮೊದಲ ಬಾರಿ ಏಕವಚನ. ಅವನು ತಲೆ ತಗ್ಗಿಸಲಿಲ್ಲ.

"ಹೌದು. ಬೇಕಂತಲೇ."

"ಯಾಕೆ?"

"ತಲೆದಿಂಬು ಅಂದೆಯಲ್ಲಾ ಎಲ್ಲರ ಮುಂದೆ. ತಲೆದಿಂಬು ಯಾರನ್ನೂ ಎಬ್ಬಿಸಲ್ಲ."

ಅವಳಿಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು.

"ಬಿಡು ಅಂದದ್ದು ಬೇರೆ," ಎಂದ. "ನಿನ್ನ ಕಣ್ಣ ಕೆಳಗಿನ ಕಪ್ಪು ನೋಡೋಕೆ ಆಗ್ತಿರಲಿಲ್ಲ. ನನಗೋಸ್ಕರ ಬಾ ಅನ್ನೋಕೆ ಬಾಯಿ ಬರಲಿಲ್ಲ. ಅದಕ್ಕೇ ಬಿಡು ಅಂದೆ, ಸೀಟು ಗೀಟು ಅಂತ ತಮಾಷೆ ಮಾಡಿದೆ. ಆದ್ರೆ ಎಬ್ಬಿಸದೆ ಇದ್ದದ್ದು... ಅದು ದ್ವೇಷಕ್ಕೆ. ಒಂದು ದಿನ ಪರದಾಡಲಿ ಅನಿಸ್ತು. ಇಳಿದ ಮೇಲೆ ಪ್ಲಾಟ್‌ಫಾರ್ಮಲ್ಲಿ ರೈಲಿನ ಜೊತೆ ಓಡಿದೆ, ಕಿಟಕಿ ಬಡಿಯೋಣ ಅಂತ. ಆಗಲಿಲ್ಲ. ಆಮೇಲೆ ನಿನಗೆ ಮುಖ ತೋರಿಸೋ ಧೈರ್ಯ ಬರಲಿಲ್ಲ."

"ನನ್ನ ಕೆಲಸ ಹೋಯ್ತು. ಅದಕ್ಕಿಂತ..." ಅವಳು ತುಟಿ ಕಚ್ಚಿದಳು. "ನಾಳೆ ನನ್ನ ಜೊತೆ ಬಾ. ನೀನು ಏನು ಮಾಡಿದೆ ಅಂತ ತೋರಿಸ್ತೀನಿ."

ಹೋಟೆಲಿನ ಮುಂದಿನ ಕೌಂಟರಿನಲ್ಲಿ ಬೇರೊಬ್ಬಳು ನಗುತ್ತಾ ನಿಂತಿದ್ದಳು. ಆ ಹುಡುಗಿಯನ್ನು ಹಿಂಬದಿಯ ಕೋಣೆಗೆ ಹಾಕಿದ್ದರು. ಕಿಟಕಿಯಿಲ್ಲದ ಕೋಣೆ. ಗುಡ್ಡೆ ಬಿದ್ದ ಬಿಳಿ ಹಾಸುಗಳನ್ನು ಮಡಚುತ್ತಿದ್ದಳು. ಹುಡುಗಿ ಮುಖ ಎತ್ತಿದಾಗ ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಹೆದರಬೇಡಿ ಸರ್," ಹುಡುಗಿ ತಣ್ಣಗೆ ಹೇಳಿದಳು. "ಗೆಸ್ಟುಗಳೂ ಹೀಗೇ ಸರೀತಾರೆ. ಅದಕ್ಕೇ ನನ್ನನ್ನ ಇಲ್ಲಿಟ್ಟಿದ್ದಾರೆ."

ಅವನು ಎಲ್ಲವನ್ನೂ ಹೇಳಿದ. ತಲೆದಿಂಬು, ಹಿಡಿದ ಕೈ, ಸುಳ್ಳು ರಜೆ... ಏನನ್ನೂ ಮುಚ್ಚಿಡಲಿಲ್ಲ. ಹುಡುಗಿ ಮಡಚುವುದನ್ನು ನಿಲ್ಲಿಸಲಿಲ್ಲ. ಕೇಳಿ ಮುಗಿಸಿದ ಮೇಲೆ ಇಬ್ಬರನ್ನೂ ಒಮ್ಮೆ ನೋಡಿದಳು.

"ನೀವಿಬ್ಬರೂ ಮುನಿಸಿಕೊಳ್ಳೋಕೆ ನನ್ನ ಕಣ್ಣೇ ಬೇಕಿತ್ತಾ?"

ಕಣ್ಣು ಮಾಡುವವಳಿಗೆ ಅಳು ಉಕ್ಕಿತು. ಆದರೆ ಆ ಕೋಣೆಯಲ್ಲಿ ಅಳುವ ಹಕ್ಕು ತನಗಿಲ್ಲ ಎನಿಸಿ ನುಂಗಿಕೊಂಡಳು.

"ಇನ್ನೊಂದು ಸಲ ಬಂದು ಕೂರ್ತೀರಾ? ನಾನೇ ಮಾಡಿಕೊಡ್ತೀನಿ."

"ಆಮೇಲೆ ನಿಮಗೆ ಮತ್ತೆ ನಿದ್ದೆ ಬಂದ್ರೆ?"

"ನೀವು ಬರೋ ಮೊದಲೇ ನಾನಲ್ಲಿ ಇರ್ತೀನಿ."

ಅಲ್ಲಿಂದ ಮೇಷ್ಟ್ರ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ಅವರು ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು.

"ನಿನ್ನ ಕೆಲಸ ಏನಪ್ಪಾ?"

"ಲಿಫ್ಟ್ ರಿಪೇರಿ, ಸರ್."

"ಸಿಟ್ಟು ಬಂದ ದಿನ ಲಿಫ್ಟಿನ ಹಗ್ಗ ಸಡಿಲ ಬಿಟ್ಟು ಬರ್ತೀಯಾ?"

"ಇಲ್ಲ ಸರ್..."

"ಹಾಗಾದ್ರೆ ಜವಾಬ್ದಾರಿ ಗೊತ್ತಿಲ್ಲದೆ ಮಾಡಿದವನಲ್ಲ ನೀನು." ಅವರು ಅವಳ ಕಡೆ ತಿರುಗಿದರು. "ಆ ಹುಡುಗಿ ಬಂದು ಕೂರಲಿ. ಅವಳು ಸರಿ ಅಂದ್ರೆ ನೀನು ಇಲ್ಲಿರು. ಇಲ್ಲಾಂದ್ರೆ ಕನ್ನಡಕ ಒರೆಸಿಕೊಂಡು ಬಿದ್ದಿರು."

ಮನೆಯಲ್ಲಿ ಅತ್ತಿಗೆ ಸೌಟು ಎಸೆದಳು. "ಐದು ನಿಮಿಷದ ಕೆಲಸ ಬಿಟ್ಟು ಮತ್ತೆ ಆ ರೈಲಿಗಾ? ಮಕ್ಕಳನ್ನ ಯಾರು ಕರ್ಕೊಂಡು ಬರ್ತಾರೆ?"

"ಹೆತ್ತವರು, ಅತ್ತಿಗೆ. ನೀವೂ ಹತ್ತಿರಾನೇ ಇದ್ದೀರಲ್ಲಾ."

ಅಣ್ಣ ಮೊದಲ ಬಾರಿ ತಟ್ಟೆಯಿಂದ ತಲೆ ಎತ್ತಿದ.

ಒಪ್ಪಿದ ದಿನ ಹುಡುಗಿ ಬಂದಳು. ಕಿಟಕಿಯ ಪಕ್ಕ, ಬೆಳಗಿನ ಬೆಳಕಿನಲ್ಲಿ, ಒಬ್ಬರ ಕಣ್ಣಲ್ಲಿ ಒಬ್ಬರು ನೋಡುತ್ತಾ ಕೂತರು. ನೋಡದೆ ಮಾಡುವ ಕೆಲಸವಲ್ಲ ಅದು. ಹುಡುಗಿ ಒಮ್ಮೆಯೂ ನಗಲಿಲ್ಲ. ಅವಳೂ ದೃಷ್ಟಿ ತಪ್ಪಿಸಲಿಲ್ಲ. ಜೇನಿನ ಬಣ್ಣ, ಅಂಚಿನಲ್ಲಿ ತುಸು ಹಸಿರು, ಪದರದ ಮೇಲೆ ಪದರ. ಕಾಯಿಸಿ, ಹೊಳಪು ಕೊಟ್ಟು ಕೂರಿಸಿದ ಮೇಲೆ ಹುಡುಗಿ ಕನ್ನಡಿಯನ್ನು ಬಹಳ ಹೊತ್ತು ನೋಡಿದಳು.

"ಸರಿಯಾಗಿದೆ," ಎಂದಳು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತಳು. "ಕ್ಷಮಿಸಿದ್ದೀನಿ ಅಂದ್ಕೋಬೇಡಿ."

"ಇಲ್ಲ."

ಮೇಷ್ಟ್ರು ಮುಂದಿನವರನ್ನು ಒಳಗೆ ಕರೆಯಲು ಹೇಳಿದರು.

ಸಂಜೆ ಹೊರಗೆ ಬಂದಾಗ ಓಣಿಯ ತುದಿಯಲ್ಲಿ ಅವನು ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಏನಾಯ್ತು?"

"ಸರಿಯಾಗಿದೆ ಅಂದಳು. ನಾಳೆಯಿಂದ ನನಗೆ ಮತ್ತೆ ಬೆಳಗಿನ ರೈಲು."

ಅವನ ಕಣ್ಣು ತುಂಬಿತು. "ನಿನ್ನನ್ನ ಪ್ರೀತಿಸ್ತೀನಿ ಕಣೇ. ಮೊದಲೇ ಹೇಳಿದ್ರೆ ಇದ್ಯಾವುದೂ ಆಗ್ತಿರಲಿಲ್ಲ."

"ನನಗೂ ಪ್ರೀತಿ ಇತ್ತು. ಇಟ್ಕೊಂಡೇ ತಲೆದಿಂಬು ಅಂದೆ." ಅವಳು ಕೆನ್ನೆ ಒರೆಸಿಕೊಂಡಳು. "ಈಗಲೂ ಇದೆ, ಹಾಳಾದ್ದು. ಎಷ್ಟು ಬೈದ್ರೂ ಹೋಗ್ತಿಲ್ಲ."

ಇಬ್ಬರೂ ನಿಲ್ದಾಣದವರೆಗೆ ನಡೆದರು. ಜನ ನುಗ್ಗುತ್ತಿದ್ದರು. ಅವನು ಅಳುಕುತ್ತಾ ಕೇಳಿದ.

"ನಾಳೆ... ಅದೇ ಬೋಗಿಗೆ ಬರಲಾ?"

"ಬಾ. ರೈಲೇನು ನಮ್ಮಪ್ಪಂದಾ?"

"ಪಕ್ಕದಲ್ಲಿ ಕೂರಲಾ?"

ಅವಳು ಅವನ ಹೆಗಲ ಕಡೆ ಒಮ್ಮೆ ನೋಡಿದಳು.

"ಕೂತ್ಕೋ. ಆದ್ರೆ ನಾನು ನಿದ್ದೆ ಮಾಡಲ್ಲ."

"ಮತ್ತೆ ಅಷ್ಟು ಹೊತ್ತು ಏನು ಮಾಡ್ತೀಯ?"

"ನಿನ್ನನ್ನೇ ನೋಡ್ತಾ ಕೂರ್ತೀನಿ. ನಂಬಿಕೆ ಬರೋವರೆಗೂ."

"ಬರುತ್ತಾ?"

ಅವಳು ಅವನ ಬೆರಳನ್ನು ಹಿಡಿದುಕೊಂಡಳು.

"ಗೊತ್ತಿಲ್ಲ ಕಣೋ. ದಾರಿಯೇನೋ ಉದ್ದ ಇದೆ..."